ದೇಹ ಮನೆಗೆ ಬಾರದ ಸೈನಿಕರು: ಆ ಮನೆಗಳಲ್ಲಿ ಆಮೇಲೆ ಏನಾಯಿತು?

ಬೆಟ್ಟದ ಹಾದಿ ಬರೆಯುತ್ತಾರೆ:

ನಾನು ಕೊಡಗಿನ ಒಂದು ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಕಳೆದ ವಾರ ಮಕ್ಕಳಿಗೆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಬಗ್ಗೆ ಹೇಳಿದೆ. 1965ರ ಸೆಪ್ಟೆಂಬರ್ 7ರ ಬೆಳಿಗ್ಗೆ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದವರು ಹಿಂದಿರುಗಲಿಲ್ಲ. ಅವರ ವಿಮಾನಕ್ಕೆ ಏನಾಯಿತೆಂದು ಜೊತೆಗೆ ಹೋದವರಿಗೂ ತಿಳಿಯಲಿಲ್ಲ. ದಾಖಲೆಯಲ್ಲಿ ಉಳಿದದ್ದು 'ಕಾಣೆಯಾಗಿದ್ದಾರೆ' ಎಂಬ ಒಂದೇ ಮಾತು. ಅವರು ಹೇಗೆ ಹೋರಾಡಿದರು ಎಂಬುದು 1979ರ ಹೊತ್ತಿಗೆ ಹೊರಬಂತು. ಮರಣೋತ್ತರ ಮಹಾವೀರ ಚಕ್ರ ಬಂದದ್ದು 1988ರಲ್ಲಿ.

ಪಾಠ ಮುಗಿದ ಮೇಲೆ ಏಳನೇ ತರಗತಿಯ ಒಬ್ಬ ಹುಡುಗಿ ಎದ್ದು ನಿಂತಳು. "ಟೀಚರ್, ಅಷ್ಟು ವರ್ಷ ಅವರ ಹೆಂಡತಿ ಮಕ್ಕಳು ಏನಂದುಕೊಂಡಿದ್ದರು? ಬರುತ್ತಾರೆ ಅಂತಲೋ, ಬರುವುದಿಲ್ಲ ಅಂತಲೋ?"

ನನ್ನ ಬಳಿ ಉತ್ತರವಿರಲಿಲ್ಲ. ಗಂಟೆ ಬಾರಿಸಿತು, ಪಾರಾದೆ. ಆದರೆ ಆ ಪ್ರಶ್ನೆ ನನ್ನ ಜೊತೆಗೇ ಮನೆಗೆ ಬಂತು, ಏಕೆಂದರೆ ನಮ್ಮ ಮನೆಯಲ್ಲೂ ಅಂಥ ಒಬ್ಬರಿದ್ದಾರೆ. ನನ್ನ ಅಜ್ಜಿಯ ತಮ್ಮ. 1962ರ ಚೀನಾ ಯುದ್ಧದಲ್ಲಿ ಈಶಾನ್ಯದ ಗಡಿಗೆ ಹೋದಾಗ ಇಪ್ಪತ್ತೆರಡು ವರ್ಷ. ಯುದ್ಧ ನಿಂತ ಮೇಲೆ ತಂತಿ ಬಂತು: ಕಾಣೆಯಾಗಿದ್ದಾರೆ.

ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಮನೆಯ ಅಂಗಳದಲ್ಲಿ ಒಂದು ಗುಂಡು ಹಾರಿಸುತ್ತಾರೆ. ಸಾವಾದರೆ ಎರಡು. ಆ ಸದ್ದು ಕೇಳಿದರೆ ಗದ್ದೆಯಲ್ಲಿದ್ದವರು ಕೆಲಸ ಬಿಟ್ಟು ಬರುತ್ತಾರೆ. ಅವರು ಹುಟ್ಟಿದಾಗ ಹಾರಿಸಿದ ಗುಂಡಿನ ಸದ್ದು ಅಜ್ಜಿಗೆ ನೆನಪಿದೆಯಂತೆ; ಆಗ ಅವಳಿಗೆ ನಾಲ್ಕು ವರ್ಷ. ಎರಡು ಗುಂಡು ಮಾತ್ರ ಈವರೆಗೂ ಹಾರಲಿಲ್ಲ. ಅವರ ತಾಯಿ ಬಿಡಲಿಲ್ಲ. ವರ್ಷಕ್ಕೊಮ್ಮೆ ಐನ್‌ಮನೆಯಲ್ಲಿ, ಅಂದರೆ ಕುಲದ ಮೂಲಮನೆಯಲ್ಲಿ, ಕಾರಣರಿಗೆ (ತೀರಿಹೋದ ಹಿರಿಯರಿಗೆ) ಎಡೆ ಇಡುವಾಗ ಯಾರೋ ಒಂದು ಎಲೆ ಹೆಚ್ಚಿಗೆ ಹಾಕಲು ಹೋದರೆ, ಮುದುಕಿ ಬಂದು ಆ ಎಲೆಯನ್ನು ಎತ್ತಿಬಿಡುತ್ತಿದ್ದರಂತೆ. ಬದುಕಿರುವವನಿಗೆ ಸತ್ತವರ ಸಾಲಿನಲ್ಲಿ ಊಟ ಬಡಿಸಬಾರದು ಎಂದು.

ನಿಮ್ಮ ಮನೆಗಳಲ್ಲಿ ಹೀಗೆ ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಯುದ್ಧದ ಕಥೆ ಬೇಡ ಎನ್ನುತ್ತಿಲ್ಲ. ಆದರೆ ಮನೆಯ ಕಥೆ ಬೇಕು. ಆ ಹುಡುಗಿಗೆ ನಾನು ಏನಾದರೂ ಹೇಳಬೇಕು.

ನೀಲಿಬಾನು ಬರೆಯುತ್ತಾರೆ:

ವಾಯುಪಡೆಯ ಇತಿಹಾಸ ನನ್ನ ಹುಚ್ಚು, ಆದ್ದರಿಂದ ಯುದ್ಧದ ಭಾಗವನ್ನು ಸ್ವಲ್ಪ ತುಂಬುತ್ತೇನೆ. ದೇವಯ್ಯ ಅವರು ಯುದ್ಧಕ್ಕೆ ಮುಂಚೆ ಪೈಲಟ್‌ಗಳಿಗೆ ತರಬೇತಿ ಕೊಡುವ ಶಿಕ್ಷಕರಾಗಿದ್ದರು. ಆ ದಿನದ ದಾಳಿಗೆ ನಿಗದಿಯಾದ ಹನ್ನೆರಡು ಮಿಸ್ಟೇರ್ ವಿಮಾನಗಳಲ್ಲಿ ಅವರದ್ದು ಇರಲಿಲ್ಲ. ಯಾರಾದರೂ ಹಿಂದುಳಿದರೆ ಸೇರಿಕೊಳ್ಳಬೇಕಾದ ಮೀಸಲು ಪೈಲಟ್ ಅವರು. ಸೇರಿಕೊಂಡರು. ಹಿಂದಿರುಗುವಾಗ ಪಾಕಿಸ್ತಾನದ ಸ್ಟಾರ್‌ಫೈಟರ್ ಬೆನ್ನಟ್ಟಿತು. ಶಬ್ದದ ಎರಡರಷ್ಟು ವೇಗದ ಯಂತ್ರ ಅದು. ಮಿಸ್ಟೇರ್ ಅದರಿಂದ ಓಡಿ ತಪ್ಪಿಸಿಕೊಳ್ಳುವುದು ಅಸಾಧ್ಯ. ಗುಂಡೇಟು ತಿಂದ ವಿಮಾನದಲ್ಲೇ ದೇವಯ್ಯ ತಿರುಗಿ ನಿಂತು ಹೋರಾಡಿದರು. ಸ್ಟಾರ್‌ಫೈಟರ್ ಉರುಳಿತು. ಅದರ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು.

ಇದೆಲ್ಲ ನಮಗೆ ಗೊತ್ತಾದದ್ದು ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ಕಡೆಯ ದಾಖಲೆಗಳನ್ನು ನೋಡಿ ಬರೆದ ಮೇಲೆ. ಅಂದು ದಾಳಿಯ ನೇತೃತ್ವ ವಹಿಸಿದ್ದ ತನೇಜಾ ಅವರು ಅದನ್ನು ಹಿಡಿದುಕೊಂಡು, ನಿವೃತ್ತಿಯ ನಂತರವೂ ಬಿಡದೆ, ದೇವಯ್ಯ ಅವರಿಗೆ ಗೌರವ ಸಿಗಲೇಬೇಕೆಂದು ಬರೆದರು. ಭಾರತೀಯ ವಾಯುಪಡೆಯಲ್ಲಿ ಮರಣೋತ್ತರ ಮಹಾವೀರ ಚಕ್ರ ಪಡೆದವರು ದೇವಯ್ಯ ಒಬ್ಬರೇ.

ಒಂದು ವಿಷಯ ನನ್ನನ್ನು ಕಾಡುತ್ತದೆ. ಅಮ್ಜದ್ ಹುಸೇನ್ 1971ರ ಡಿಸೆಂಬರ್‌ನಲ್ಲಿ ಅಮೃತಸರದ ಬಳಿ ಮತ್ತೆ ಹೊಡೆದುರುಳಿಸಲ್ಪಟ್ಟು ನಮ್ಮವರ ಕೈಗೆ ಸೆರೆಸಿಕ್ಕರು. ಅಂದರೆ ದೇವಯ್ಯ ಅವರ ಕೊನೆಯ ನಿಮಿಷಗಳನ್ನು ಕಣ್ಣಾರೆ ಕಂಡ ಮನುಷ್ಯ ನಮ್ಮ ನೆಲದಲ್ಲೇ ಇದ್ದರು. ಆ ಹೊತ್ತಿಗೆ ದೇವಯ್ಯ ಅವರ ಪತ್ನಿ ಮತ್ತು ಇಬ್ಬರು ಹೆಣ್ಣುಮಕ್ಕಳು ಆರು ವರ್ಷಗಳಿಂದ ಕಾಯುತ್ತಿದ್ದರು.

ಹಳೆಯ ಸಿಪಾಯಿ ಬರೆಯುತ್ತಾರೆ:

ಟೀಚರ್ ಅವರಿಗೆ ನಮಸ್ಕಾರ. ಇಪ್ಪತ್ತೆಂಟು ವರ್ಷ ಸೇನೆಯಲ್ಲಿದ್ದು ಸುಬೇದಾರನಾಗಿ ನಿವೃತ್ತನಾದವನು ನಾನು. ನಿಮ್ಮ ಅಜ್ಜಿಯ ತಮ್ಮ ಒಂಟಿಯಲ್ಲ. 1962ರ ಅಧಿಕೃತ ಲೆಕ್ಕ ನೋಡಿದರೆ ಸತ್ತವರು 1,383, ಕಾಣೆಯಾದವರು 1,696. ಸತ್ತವರಿಗಿಂತ ಕಾಣೆಯಾದವರೇ ಹೆಚ್ಚು. ನವೆಂಬರ್ 18ರಂದು ಲಡಾಖಿನ ರೇಜಾಂಗ್ ಲಾದಲ್ಲಿ ಮೇಜರ್ ಶೈತಾನ್ ಸಿಂಗ್ ಮತ್ತು ಅವರ ಕುಮಾವ್ ರೆಜಿಮೆಂಟಿನ ಕಂಪನಿ ಹೋರಾಡಿದ್ದು ಎಲ್ಲರಿಗೂ ಗೊತ್ತು. ಆದರೆ ಅವರ ದೇಹಗಳು ಸಿಕ್ಕಿದ್ದು ಮರುವರ್ಷ, ಅಲ್ಲಿಗೆ ಹೋದ ಕುರಿಗಾಹಿಯೊಬ್ಬನ ಕಣ್ಣಿಗೆ ಬಿದ್ದ ಮೇಲೆ. ಹಿಮದಲ್ಲಿ ಹೆಪ್ಪುಗಟ್ಟಿದ ಕೈಗಳಲ್ಲಿ ಇನ್ನೂ ಬಂದೂಕುಗಳಿದ್ದವು. ಅಲ್ಲಿಯವರೆಗೆ ಆ ಮನೆಗಳಲ್ಲಿ ಚಳಿಗಾಲ ಹೇಗೆ ಕಳೆದಿರಬೇಕು!

ಈಗಿನವರಿಗೆ ತಿಳಿಯದ ಇನ್ನೊಂದು ಸಂಗತಿ ಇದೆ. ತ್ರಿವರ್ಣ ಧ್ವಜ ಹೊದಿಸಿದ ಶವಪೆಟ್ಟಿಗೆ ಊರಿಗೆ ಬರುವುದು, ಊರೆಲ್ಲ ಸೇರುವುದು, ಇದು ದೊಡ್ಡ ಪ್ರಮಾಣದಲ್ಲಿ ಶುರುವಾದದ್ದು 1999ರ ಕಾರ್ಗಿಲ್ ಯುದ್ಧದಲ್ಲಿ. ಅದಕ್ಕೂ ಮೊದಲು ಸಾಮಾನ್ಯವಾಗಿ ಯುದ್ಧಭೂಮಿಯ ಹತ್ತಿರವೇ ಅಂತ್ಯಕ್ರಿಯೆ ಆಗುತ್ತಿತ್ತು. ಮನೆಗೆ ಬರುತ್ತಿದ್ದದ್ದು ಮೊದಲು ತಂತಿ, ಆಮೇಲೆ ಪತ್ರ, ಕೆಲವೊಮ್ಮೆ ಅಸ್ಥಿ, ಕೊನೆಗೆ ಟ್ರಂಕು. ಕಪ್ಪು ಬಣ್ಣದ ಕಬ್ಬಿಣದ ಟ್ರಂಕು, ಮುಚ್ಚಳದ ಮೇಲೆ ಬಿಳಿ ಅಕ್ಷರದಲ್ಲಿ ಸಂಖ್ಯೆ, ಹುದ್ದೆ, ಹೆಸರು.

ಆ ಟ್ರಂಕು ತುಂಬುವ ಕೆಲಸವನ್ನು ನಾನು ಮಾಡಿದ್ದೇನೆ. ಒಬ್ಬ ಜವಾನ ತೀರಿಕೊಂಡರೆ ಘಟಕದಲ್ಲಿ ಒಂದು ಸಣ್ಣ ಸಮಿತಿ ಕೂರುತ್ತದೆ. ಅವನ ವಸ್ತುಗಳನ್ನು ಒಂದೊಂದಾಗಿ ಕಂಬಳಿಯ ಮೇಲೆ ಇಟ್ಟು ಪಟ್ಟಿ ಮಾಡುತ್ತದೆ. ಯಾರಿಗಾದರೂ ಅವನಿಂದ ಬರಬೇಕಾದ ಬಾಕಿ ಇದ್ದರೆ ತೀರಿಸುತ್ತದೆ. ನಮ್ಮ ಹುಡುಗನೊಬ್ಬನ ಪಟ್ಟಿ ಮಾಡುವಾಗ ಅಂಗಿಯ ಜೇಬಿನಲ್ಲಿ ಒಂದು ದಾರದ ತುಂಡು ಸಿಕ್ಕಿತು. ಗೇಣುದ್ದವೂ ಇಲ್ಲ, ಎರಡೂ ತುದಿಗೆ ಗಂಟು. ಕಸವೆಂದು ಒಬ್ಬರು ಪಕ್ಕಕ್ಕಿಟ್ಟರು. ಇಷ್ಟು ಜೋಪಾನವಾಗಿ ಕಾಗದದಲ್ಲಿ ಮಡಿಸಿಟ್ಟಿದ್ದಾನೆಂದರೆ ಅದು ಕಸವಲ್ಲ ಎಂದು ನಾನು ಪಟ್ಟು ಹಿಡಿದೆ. "ದಾರ, ಒಂದು" ಎಂದು ಬರೆದುಕೊಂಡೆವು.

ಟ್ರಂಕನ್ನು ಅವನ ಊರಿಗೆ ಒಯ್ದವನೂ ನಾನೇ. ಅವನ ಹೆಂಡತಿ ಕೈಗಡಿಯಾರ ಮುಟ್ಟಲಿಲ್ಲ, ಸಮವಸ್ತ್ರ ಮುಟ್ಟಲಿಲ್ಲ. ದಾರ ಕಂಡೊಡನೆ ಎತ್ತಿಕೊಂಡಳು. ಮಗಳ ಪಾದದ ಅಳತೆಯಂತೆ. ರಜೆಗೆ ಬರುವಾಗ ಚಪ್ಪಲಿ ತರಬೇಕೆಂದು ತಾನೇ ಗಂಟು ಹಾಕಿ ಕೊಟ್ಟಿದ್ದಳಂತೆ. ಮಗುವನ್ನು ಹತ್ತಿರ ಕೂರಿಸಿಕೊಂಡು ಆ ದಾರವನ್ನು ಅದರ ಪಾದಕ್ಕೆ ಹಿಡಿದು ನೋಡಿದಳು. ಅಷ್ಟರಲ್ಲಿ ಪಾದ ಒಂದು ಬೆರಳಿನಷ್ಟು ಬೆಳೆದಿತ್ತು.

ನಾನು ಎದ್ದು ಹೊರಗೆ ಹೋದೆ.

ಘಟಪ್ರಭೆಯ ಮಗಳು ಬರೆಯುತ್ತಾರೆ:

ಸುಬೇದಾರರೇ, ನಿಮ್ಮ ಮಾತು ಓದಿ ನನ್ನ ಅವ್ವನ ಟ್ರಂಕು ನೆನಪಾಯಿತು. ನಮ್ಮ ಮನೆಯಲ್ಲಿ ಅದರಲ್ಲಿ ಜೋಳ ತುಂಬಿಡುತ್ತಿದ್ದರು. ಅಪ್ಪ 1971ರಲ್ಲಿ ಪಶ್ಚಿಮದ ಗಡಿಯಲ್ಲಿ ತೀರಿಕೊಂಡಾಗ ನಾನು ಹನ್ನೊಂದು ತಿಂಗಳ ಕೂಸು, ಅವ್ವನಿಗೆ ಹತ್ತೊಂಬತ್ತು. ಅಪ್ಪನ ಮುಖ ನನಗೆ ಒಂದೇ ಫೋಟೋದಿಂದ ಗೊತ್ತು, ಅದೂ ಗುಂಪಿನ ಫೋಟೋ. ಮೂರನೇ ಸಾಲಿನಲ್ಲಿ ಎಡಗಡೆಯಿಂದ ಐದನೆಯವರು. ಶಾಲೆಯಲ್ಲಿ ಎಣಿಕೆ ಕಲಿಯುವ ಮೊದಲೇ ನಾನು ಐದರವರೆಗೆ ಎಣಿಸಲು ಕಲಿತಿದ್ದೆ.

ಒಂದೂವರೆ ವರ್ಷದ ಮೇಲೆ ಅವ್ವನಿಗೆ ನನ್ನ ಚಿಕ್ಕಪ್ಪನ ಜೊತೆ ಮದುವೆ ಮಾಡಿದರು. ಊರವರು ಇದನ್ನು ದೊಡ್ಡ ಮನಸ್ಸು ಎಂದರು. ಚಿಕ್ಕಪ್ಪ ನಿಜವಾಗಿಯೂ ದೊಡ್ಡ ಮನಸ್ಸಿನವರು, ಅವರನ್ನೇ ನಾನು ಅಪ್ಪ ಎಂದು ಕರೆದು ಬೆಳೆದೆ, ಅವರ ಮೇಲೆ ನನಗೆ ಒಂದು ದೂರೂ ಇಲ್ಲ. ಆದರೆ ಹಿರಿಯರು ಕೂತು ಮಾತಾಡಿದಾಗ ಎಲ್ಲರ ಬಾಯಲ್ಲೂ ಇದ್ದ ಕಾರಣ ಇನ್ನೊಂದು. ಆಗಿನ ನಿಯಮದ ಪ್ರಕಾರ ಸೈನಿಕನ ವಿಧವೆ ಗಂಡನ ಸಹೋದರನನ್ನು ಮದುವೆಯಾದರೆ ಪಿಂಚಣಿ ಉಳಿಯುತ್ತಿತ್ತು, ಬೇರೆಯವರನ್ನು ಮದುವೆಯಾದರೆ ಹೋಗುತ್ತಿತ್ತು. ಅವ್ವನನ್ನು ಯಾರೂ ಕೇಳಲಿಲ್ಲ. ಚಿಕ್ಕಪ್ಪನನ್ನೂ ಕೇಳಲಿಲ್ಲ, ಅವರಿಗೆ ಆಗ ಹದಿನೆಂಟು.

ಯುದ್ಧದಲ್ಲಿ ಮಡಿದವರ ಕುಟುಂಬಕ್ಕೆ ಹೆಚ್ಚಿನ ದರದ ಪಿಂಚಣಿ ಕೊಡುವ ಆದೇಶ 1972ರಲ್ಲಿ ಬಂತು. ಅದು ಬಂದಿರುವುದು ನಮ್ಮ ಹಳ್ಳಿಗೆ ತಿಳಿಯಲು ವರ್ಷಗಳೇ ಹಿಡಿದವು. ಒಂದು ಕಚೇರಿಯಲ್ಲಿ ಅವ್ವನಿಗೆ ಗಂಡನ ಮರಣ ಪ್ರಮಾಣಪತ್ರ ತಾ ಎಂದರು. ಗಂಡ ಸತ್ತದ್ದು ಇನ್ನೊಂದು ರಾಜ್ಯದಲ್ಲಿ, ಗುಂಡಿನ ಮಳೆಯಲ್ಲಿ. ಗ್ರಾಮದ ದಾಖಲೆಯಲ್ಲಿ ಅದು ಎಲ್ಲಿಂದ ಬರಬೇಕು? ಘಟಕದಿಂದ ಬಂದ ಪತ್ರವನ್ನು ಎಣ್ಣೆ ಕಾಗದದಲ್ಲಿ ಸುತ್ತಿ ಸೆರಗಿಗೆ ಕಟ್ಟಿಕೊಂಡು ಅವ್ವ ಮೂರು ಸಲ ಹೋದಳು. ಆದೇಶ ಬಂದ 1972ರಲ್ಲೇ ದೆಹಲಿಯಲ್ಲಿ ಮೋಹಿನಿ ಗಿರಿಯವರು ಯುದ್ಧ ವಿಧವೆಯರ ಸಂಘ ಕಟ್ಟಿದ್ದರೆಂದು ನಾನು ದೊಡ್ಡವಳಾದ ಮೇಲೆ ಓದಿದೆ. ಅಂಥದ್ದೊಂದು ದನಿ ನಮ್ಮ ತಾಲ್ಲೂಕಿನವರೆಗೆ ಬಂದಿದ್ದರೆ!

ಶೌರ್ಯ ಪ್ರಶಸ್ತಿಯ ಜೊತೆ ಬರುವ ಭತ್ಯೆಗೂ ಇಂಥದ್ದೇ ಷರತ್ತಿತ್ತು. ಗಂಡನ ಸಹೋದರನನ್ನು ಬಿಟ್ಟು ಬೇರೆಯವರನ್ನು ಮದುವೆಯಾದರೆ ಭತ್ಯೆ ನಿಲ್ಲುತ್ತಿತ್ತು. ಅದನ್ನು ತೆಗೆದದ್ದು 2017ರ ನವೆಂಬರ್‌ನಲ್ಲಿ. ಎರಡು ಸಾವಿರದ ಹದಿನೇಳು! ಅವ್ವ ಆ ಸುದ್ದಿಯನ್ನು ನನ್ನಿಂದ ಓದಿಸಿಕೊಂಡು ಸುಮ್ಮನೆ ಕೂತಳು. ಆಮೇಲೆ, "ಈಗಿನ ಹುಡುಗಿಯರನ್ನಾದರೂ ಕೇಳಿ ಮಾಡುತ್ತಾರೋ ಇಲ್ಲವೋ" ಎಂದು ಕೇಳಿದಳು.

ಒಬ್ಬ ತಂದೆ ಬರೆಯುತ್ತಾರೆ:

ತಾಯಿ, ನಿಮ್ಮ ಅವ್ವನ ಕಷ್ಟದ ಮುಂದೆ ನನ್ನದು ಹೇಳಬಾರದು. ಆದರೂ ಹೇಳುತ್ತೇನೆ. ಹೆಂಡತಿಯ ಮಾತು ಎಲ್ಲರೂ ಆಡುತ್ತಾರೆ, ತಂದೆತಾಯಿಯ ಮಾತು ಯಾರು ಆಡುತ್ತಾರೆ? ಮದುವೆಯಾದ ಮಗ ಮಡಿದರೆ ಪಿಂಚಣಿ ಸೊಸೆಗೆ. ಅವಳು ಚಿಕ್ಕವಳು, ತವರಿಗೆ ಹೋದಳು, ಹೋಗಲಿ, ಅವಳ ಬದುಕು ಅವಳದ್ದು. ಪದಕವೂ ಅವಳ ಜೊತೆ ಹೋಯಿತು. ನಮ್ಮ ಮನೆಯ ಗೋಡೆಯ ಮೇಲೆ ಒಂದು ಮೊಳೆ ಮಾತ್ರ ಉಳಿದಿದೆ. ದುಡ್ಡಿಗಾಗಿ ಬರೆಯುತ್ತಿಲ್ಲ.

ಘಟಪ್ರಭೆಯ ಮಗಳು ಬರೆಯುತ್ತಾರೆ:

ಅಣ್ಣಾವ್ರೇ, ನಿಮ್ಮ ನೋವನ್ನು ಕಡಿಮೆ ಎನ್ನುವವಳಲ್ಲ. ಆದರೆ ಈ ವಾದ ಎಲ್ಲಿಗೆ ಹೋಗುತ್ತದೆಂದು ನಾನು ಕಂಡಿದ್ದೇನೆ, ಹಾಗಾಗಿ ಸುಮ್ಮನಿರಲಾರೆ. ಪಿಂಚಣಿಯನ್ನು ಹೆಣ್ಣಿನ ಕೈಯಿಂದ ಬಿಡಿಸಿದರೆ ಅವಳನ್ನು ಮನೆಯಲ್ಲಿ ಕಟ್ಟಿಹಾಕಲು ಅದೇ ಹಗ್ಗವಾಗುತ್ತದೆ. ನನ್ನ ಅವ್ವನಿಗೆ ಆದದ್ದು ಅದೇ. ತಂದೆತಾಯಿಗೂ ಬೇಕು ಎನ್ನಿ, ನಾನೂ ನಿಮ್ಮ ಜೊತೆ ಅರ್ಜಿಗೆ ಸಹಿ ಹಾಕುತ್ತೇನೆ. ಅವಳದ್ದನ್ನು ಕಿತ್ತು ಬೇಡ.

ಪದಕದ ಮಾತು ಮಾತ್ರ ನನ್ನ ಎದೆಗೆ ತಾಗಿತು. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಹಳೆಯ ಸಿಪಾಯಿ ಬರೆಯುತ್ತಾರೆ:

ಇಬ್ಬರ ಮಾತೂ ಸರಿ. ಸೇವೆಯಲ್ಲಿರುವ ಹುಡುಗರು ಇದನ್ನು ಓದುತ್ತಿದ್ದರೆ ಒಂದು ಮಾತು: ಪಿಂಚಣಿ ನಿಯಮದ ಪ್ರಕಾರ ಹೆಂಡತಿಗೇ ಹೋಗುತ್ತದೆ, ಆದರೆ ಗುಂಪು ವಿಮೆ ಮತ್ತು ಭವಿಷ್ಯ ನಿಧಿಯಲ್ಲಿ ಯಾರಿಗೆ ಎಷ್ಟು ಪಾಲು ಎಂದು ನಾಮನಿರ್ದೇಶನ ಮಾಡುವುದು ನಿಮ್ಮ ಕೈಯಲ್ಲಿದೆ. ಮದುವೆಯಾದ ಕೂಡಲೇ ಅದನ್ನು ತೆಗೆದು ನೋಡಿ. ಅಪ್ಪ ಅಮ್ಮನಿಗೆ ಒಂದು ಭಾಗ ಬರೆಯಿರಿ, ಬರೆದದ್ದನ್ನು ಹೆಂಡತಿಗೆ ತಿಳಿಸಿ. ನಾನು ಘಟಕದಲ್ಲಿ ಪ್ರತಿ ಹುಡುಗನನ್ನೂ ಕೂರಿಸಿ ಇದನ್ನು ಮಾಡಿಸುತ್ತಿದ್ದೆ. ಅಪಶಕುನ ಎಂದು ಮುಖ ತಿರುಗಿಸುತ್ತಿದ್ದರು. ಬೈದು ಮಾಡಿಸುತ್ತಿದ್ದೆ.

ಶಾಸನಪ್ರಿಯ ಬರೆಯುತ್ತಾರೆ:

ಈ ಚರ್ಚೆ ಓದುತ್ತ ನನಗೆ ನಮ್ಮ ವೀರಗಲ್ಲುಗಳು ಕಣ್ಣ ಮುಂದೆ ಬಂದವು. ತುರುಗೊಳ್ (ದನಗಳ ಅಪಹರಣ), ಪೆಣ್ಬುಯ್ಯಲ್ (ಹೆಣ್ಣಿನ ಮಾನರಕ್ಷಣೆ), ಊರಳಿವು (ಊರಿನ ಮೇಲಿನ ದಾಳಿ) ಎಂದು ಕಾಳಗದ ಕಾರಣವನ್ನೇ ಹೆಸರಿಸಿ ಕಲ್ಲು ನೆಟ್ಟ ನಾಡು ಇದು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೂತ ವೀರ. ಕೆಳಗಿನಿಂದ ಮೇಲಕ್ಕೆ ಓದಬೇಕಾದ ಕಲ್ಲು ಅದು. ಎಲ್ಲರೂ ಆ ಚಿತ್ರ ನೋಡುತ್ತಾರೆ. ನಾನು ಮೊದಲು ನೋಡುವುದು ಬರಹದ ಕೊನೆಯ ಸಾಲುಗಳನ್ನು. ಅಲ್ಲಿ ಅನೇಕ ಕಡೆ ಒಂದು ಪದ ಸಿಗುತ್ತದೆ: ನೆತ್ತರುಕೊಡಗೆ. ಮಡಿದವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿ. ಕೆಲವು ಕಡೆ ರಕ್ತಕೊಡಗೆ ಎಂದೂ ಇದೆ. ಇದನ್ನು ಅಳಿಸಿದವನಿಗೆ ಪಾಪ ತಟ್ಟಲಿ ಎಂದು ಶಾಪವನ್ನೂ ಕೆತ್ತುತ್ತಿದ್ದರು.

ಯೋಚಿಸಿ. ಕೊಟ್ಟದ್ದನ್ನು ಕಲ್ಲಿನ ಮೇಲೆ, ಊರ ನಡುವೆ, ಎಲ್ಲರ ಕಣ್ಣಿಗೆ ಬೀಳುವಂತೆ ಬರೆದರು. ಆ ಮನೆಯ ಹೆಣ್ಣುಮಗಳು ಸೆರಗಿಗೆ ಪತ್ರ ಕಟ್ಟಿಕೊಂಡು ಅಲೆಯಬೇಕಾಗಿರಲಿಲ್ಲ, ಕಲ್ಲೇ ಪತ್ರವಾಗಿತ್ತು. ಆ ಕಾಲವನ್ನು ನಾನು ಹೊಗಳಿ ಅಟ್ಟಕ್ಕೇರಿಸುತ್ತಿಲ್ಲ. ಅದೇ ಕಾಲದಲ್ಲಿ ವೀರಗಲ್ಲಿನ ಪಕ್ಕದಲ್ಲೇ ಮಾಸ್ತಿಕಲ್ಲುಗಳೂ ನಿಂತಿವೆ, ಗಂಡನ ಜೊತೆ ಬೆಂಕಿಗೆ ಹೋದ ಹೆಂಗಸರ ಕಲ್ಲುಗಳು. ಆ ಕೈಯೆತ್ತಿದ ಶಿಲ್ಪದ ಮುಂದೆ ನಿಂತಾಗ ಅಪ್ಸರೆಯರ ಪಟ್ಟಿಕೆ ನನಗೆ ಸುಂದರವಾಗಿ ಕಾಣುವುದಿಲ್ಲ.

ನೀಲಿಬಾನು ಬರೆಯುತ್ತಾರೆ:

ಬಹಳ ವರ್ಷಗಳ ಮೇಲೆ ಸಿಕ್ಕವರೂ ಇದ್ದಾರೆ, ಅದನ್ನೂ ಇಲ್ಲಿ ಬರೆದಿಡುತ್ತೇನೆ. 1984ರ ಮೇ ತಿಂಗಳಲ್ಲಿ ಸಿಯಾಚಿನ್‌ನಲ್ಲಿ ಹಿಮಪಾತಕ್ಕೆ ಸಿಕ್ಕಿದ ಕುಮಾವ್ ರೆಜಿಮೆಂಟಿನ ಲ್ಯಾನ್ಸ್ ನಾಯಕ್ ಚಂದ್ರಶೇಖರ್ ಹರ್ಬೋಲಾ ಅವರ ಅವಶೇಷ 2022ರ ಆಗಸ್ಟ್‌ನಲ್ಲಿ ಸಿಕ್ಕಿತು. ಮೂವತ್ತೆಂಟು ವರ್ಷ. ಗುರುತು ಹಿಡಿದದ್ದು ಸೇನಾ ಸಂಖ್ಯೆ ಇದ್ದ ಲೋಹದ ಬಿಲ್ಲೆಯಿಂದ. ಹಲ್ದ್ವಾನಿಯ ಮನೆಗೆ ತಂದು ಅಂತ್ಯಕ್ರಿಯೆ ಮಾಡಿದರು. ತಂದೆಯ ಮುಖ ನೆನಪಿಲ್ಲದ ವಯಸ್ಸಿನಲ್ಲಿದ್ದ ಮಕ್ಕಳು ಮಧ್ಯವಯಸ್ಸಿನವರಾಗಿ ಅಲ್ಲಿ ನಿಂತಿದ್ದರು.

ಸಿಗದವರ ಕಥೆ ಇನ್ನೊಂದು. 1971ರ ಯುದ್ಧದಲ್ಲಿ ಕಾಣೆಯಾಗಿ, ಪಾಕಿಸ್ತಾನದ ಸೆರೆಯಲ್ಲಿದ್ದಾರೆಂದು ಕುಟುಂಬಗಳು ನಂಬಿದ 54 ಮಂದಿಯ ಪಟ್ಟಿ ಇದೆ. 2007ರಲ್ಲಿ ಕೆಲವು ಕುಟುಂಬದವರು ಅಲ್ಲಿನ ಜೈಲುಗಳಿಗೇ ಹೋಗಿ ನೋಡಿಬಂದರು. ಯಾರೂ ಸಿಗಲಿಲ್ಲ. ಟೀಚರ್, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ನನಗೆ ತೋಚುವ ಉತ್ತರ ಇಷ್ಟೇ: ಬರುತ್ತಾರೆ ಅಂತಲೂ, ಬರುವುದಿಲ್ಲ ಅಂತಲೂ, ಎರಡನ್ನೂ ಒಂದೇ ದಿನ ಅಂದುಕೊಂಡಿರುತ್ತಾರೆ.

ದೆಹಲಿ ಕನ್ನಡಿಗ ಬರೆಯುತ್ತಾರೆ:

ಬೆಟ್ಟದ ಹಾದಿಯವರಿಗೆ: ಇಂಡಿಯಾ ಗೇಟ್ ಬಳಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ನಿಮ್ಮ ಅಜ್ಜಿಯ ತಮ್ಮನ ಹೆಸರು ಇದೆಯೇ ಎಂದು ನೋಡಿದ್ದೀರಾ? 2019ರ ಫೆಬ್ರವರಿಯಲ್ಲಿ ತೆರೆದದ್ದು. ಅಲ್ಲಿ ತ್ಯಾಗ ಚಕ್ರ ಎಂಬ ವೃತ್ತಾಕಾರದ ಗೋಡೆಗಳ ಮೇಲೆ ಸ್ವಾತಂತ್ರ್ಯಾನಂತರ ಮಡಿದ 25,000ಕ್ಕೂ ಹೆಚ್ಚು ಸೈನಿಕರ ಹೆಸರುಗಳಿವೆ, ಒಬ್ಬೊಬ್ಬರಿಗೆ ಒಂದೊಂದು ಫಲಕ. ರೆಜಿಮೆಂಟ್ ಮತ್ತು ಹೆಸರನ್ನು ಖಾಸಗಿ ಸಂದೇಶದಲ್ಲಿ ಕಳುಹಿಸಿ. ನನ್ನ ಕಚೇರಿ ಹತ್ತಿರವೇ ಇದೆ. ಭಾನುವಾರ ಹೋಗುತ್ತೇನೆ.

ಬೆಟ್ಟದ ಹಾದಿ ಬರೆಯುತ್ತಾರೆ:

ಕಳುಹಿಸಿದ್ದೇನೆ. ಅಜ್ಜಿಗೆ ಇನ್ನೂ ಹೇಳಿಲ್ಲ. ಇಲ್ಲದಿದ್ದರೆ ಏನು ಗತಿ ಎಂದು ಹೆದರಿಕೆ. ಇದ್ದರೂ ಹೆದರಿಕೆ.

ದೆಹಲಿ ಕನ್ನಡಿಗ ಬರೆಯುತ್ತಾರೆ:

ಇದೆ. ಹುಡುಕಲು ಎರಡು ಗಂಟೆ ಹಿಡಿಯಿತು, ಅಲ್ಲಿನ ಸಿಬ್ಬಂದಿಯೊಬ್ಬರು ಜೊತೆಗೆ ನಡೆದು ಹುಡುಕಿಕೊಟ್ಟರು. ನನ್ನ ಎದೆಯ ಎತ್ತರದಲ್ಲಿದೆ, ಬಗ್ಗಬೇಕಾಗಿಲ್ಲ. ಬೆಳಗಿನ ಬಿಸಿಲಿಗೆ ಕಲ್ಲು ಬೆಚ್ಚಗಿತ್ತು. ನಿಮ್ಮ ಪರವಾಗಿ ಕೈಯಿಟ್ಟು ಬಂದೆ. ಫೋಟೋ ಕಳುಹಿಸಿದ್ದೇನೆ.

ಬೆಟ್ಟದ ಹಾದಿ ಬರೆಯುತ್ತಾರೆ:

ನಿಮಗೆ ಹೇಗೆ ಕೃತಜ್ಞತೆ ಹೇಳಲಿ!

ನಿನ್ನೆ ಸಂಜೆ ಅಜ್ಜಿಗೆ ತೋರಿಸಿದೆ. ಅವಳಿಗೆ ಎಂಬತ್ತೊಂಬತ್ತು, ಕಣ್ಣು ಮಂಜು. ಫೋಟೋ ದೊಡ್ಡದು ಮಾಡಿ ಓದಿ ಹೇಳಿದೆ. ಅಳಲಿಲ್ಲ. ಮೊಬೈಲ್ ಪರದೆಯ ಮೇಲೆ ಹೆಬ್ಬೆರಳಿನಿಂದ ಒರೆಸಿದಳು, ಚಿಕ್ಕ ಮಗುವಿನ ಬಾಯಿ ಒರೆಸುವ ಹಾಗೆ. ಆ ಒರೆಸಿಗೆ ಫೋಟೋ ಸರಿದುಹೋಯಿತು, ಮತ್ತೆ ತೆಗೆದುಕೊಟ್ಟೆ. ಗುಂಡು ಹಾರಿಸುವ ಮಾತನ್ನು ನಾನೇ ಎತ್ತಿದೆ, ಈಗಲಾದರೂ ಹಾರಿಸೋಣವೇ ಎಂದು. ಬೇಡ ಎನ್ನುವಂತೆ ಕೈಯಾಡಿಸಿದಳು. ಅದು ಅವನ ತಾಯಿ ಹೇಳಬೇಕಾದ ಮಾತು, ತನ್ನದಲ್ಲ ಎಂದಳು.

ಇವತ್ತು ಬೆಳಿಗ್ಗೆ ಕಾಫಿ ಕುಡಿಯುತ್ತ ಅವಳೇ ಕೇಳಿದಳು: "ಅವನ ಆಚೆ ಈಚೆ ಯಾರ ಹೆಸರಿದೆ?" ಫೋಟೋದಲ್ಲಿ ಪಕ್ಕದ ಫಲಕಗಳು ಅರ್ಧರ್ಧ ಮಾತ್ರ ಕಾಣುತ್ತವೆ. ನಿಮಗೆ ಮತ್ತೆ ತೊಂದರೆ ಕೊಡುತ್ತಿದ್ದೇನೆ. ಮುಂದೆ ಯಾವಾಗಲಾದರೂ ಆ ಕಡೆ ಹೋದರೆ ಆ ಎರಡು ಹೆಸರುಗಳನ್ನು ಬರೆದು ಕಳುಹಿಸಿ.

ದೆಹಲಿ ಕನ್ನಡಿಗ ಬರೆಯುತ್ತಾರೆ:

ಇವತ್ತೇ ಸಂಜೆ ಹೋಗುತ್ತೇನೆ. ಮೇಲಿನದ್ದು, ಕೆಳಗಿನದ್ದು ಸೇರಿಸಿ ನಾಲ್ಕೂ ಹೆಸರು ಬರೆದು ತರುತ್ತೇನೆ.